ಪಾರು ಪುಸ್ತಕ

“ನಾಲ್ಕು ವರ್ಷ. ಒಂದೇ ಒಂದು ಘಟನೆ ಇಲ್ಲ,” ಎನ್ನುತ್ತ, ಸಂದರ್ಶನಕ್ಕೆ ಬಂದಿದ್ದ ಕೋಟಿನವರು ತಮ್ಮ ಕಾರ್ಖಾನೆಯ ಉದ್ದನೆಯ ಪುಸ್ತಕವೊಂದನ್ನು ಛೇರ್ಮನ್ನರ ಕಡೆಗೆ ತಿರುಗಿಸಿ ಇಟ್ಟರು. ಛೇರ್ಮನ್ನರು ಹಾಳೆ ಮಗುಚಿದರು. ಸಾಲಾಗಿ ತಾರೀಕುಗಳಿದ್ದವು. ಪ್ರತಿ ತಾರೀಕಿನ ಮುಂದೆಯೂ ‘ಏನೂ ಇಲ್ಲ’ ಎಂದು ಬರೆದು ಸಹಿ ಮಾಡಿತ್ತು. ಮುಂದಿನ ಹಾಳೆಯಲ್ಲೂ ಅಷ್ಟೆ, ಅದರ ಮುಂದಿನದರಲ್ಲೂ ಅಷ್ಟೆ. ಮೇಜಿನ ಕೊನೆಯ ಕುರ್ಚಿಯಲ್ಲಿದ್ದ ಬಾಯ್ಲರ್ ಫೋರ್‌ಮನ್ ಆ ಹಾಳೆಗಳಿಂದ ಕಣ್ಣು ತೆಗೆದ.

ಅಂಥದೊಂದು ಪುಸ್ತಕ ಈ ರಟ್ಟಿನ ಕಾರ್ಖಾನೆಯಲ್ಲೂ ಇತ್ತು. ಕಾಗದಪತ್ರದಲ್ಲಿ ಅದಕ್ಕೆ ಒಂದು ಗೇಣು ಉದ್ದದ ಹೆಸರು; ಕೆಲಸಗಾರರ ಬಾಯಲ್ಲಿ ಅದು ‘ಪಾರು ಪುಸ್ತಕ’. ಜಾರಿದ ಏಣಿ, ಸೋರುವ ವಾಲ್ವು, ತಲೆಯ ಪಕ್ಕದಲ್ಲೇ ಬಿದ್ದ ಸ್ಪ್ಯಾನರು, ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದನ್ನೆಲ್ಲ ಕಂಡವರು ಅದರಲ್ಲಿ ಬರೆಯಬೇಕು. ಬರೆದರೆ ಯಾರಾದರೂ ರಿಪೇರಿ ಮಾಡುತ್ತಾರೆ ಎಂಬ ಲೆಕ್ಕ.

“ಅಷ್ಟು ದೊಡ್ಡ ಕಾರ್ಖಾನೆ, ಬರೆಯೋ ಅಂಥದ್ದು ಏನೂ ಆಗಲೇ ಇಲ್ವಾ?” ಎಂದು ಕೇಳಿದವರು ಛೇರ್ಮನ್ನರ ಅಳಿಯಂದಿರು. ಆ ದನಿಯಲ್ಲಿ ಅನುಮಾನಕ್ಕಿಂತ ಮೆಚ್ಚುಗೆಯೇ ಹೆಚ್ಚಿತ್ತು.

“ಶುರುವಿನಲ್ಲಿ ಬರೀತಿದ್ರು ಸಾರ್. ಬರೆದವರನ್ನ ನನ್ನ ಕೋಣೆಗೆ ಕರೆಸಿ, ಕೂರಿಸಿ, ಸಮಾಧಾನವಾಗೇ ಮಾತಾಡ್ತಿದ್ದೆ. ಎರಡನೇ ಸಲ ಯಾರೂ ಬರೀಲಿಲ್ಲ.” ಕೋಟಿನವರು ನಕ್ಕರು. ನಗುವೂ ಸಮಾಧಾನವಾಗಿಯೇ ಇತ್ತು.

ಹೋದ ತಿಂಗಳು ಹಳೆಯ ಜನರಲ್ ಮ್ಯಾನೇಜರು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಬಂದ ಅರ್ಜಿಗಳನ್ನು ಜರಡಿ ಹಿಡಿದು ಇಬ್ಬರನ್ನು ಉಳಿಸಿದ್ದರು. ಆರಿಸಲು ಕೂತವರು ಮೂವರು: ಛೇರ್ಮನ್ನರು, ಅಳಿಯಂದಿರು, ಈ ಫೋರ್‌ಮನ್. ಯಂತ್ರದ ಮನೆಯಲ್ಲಿ ಹೆಚ್ಚು ವರ್ಷ ಕಳೆದವನೊಬ್ಬನಿಗೆ ಆಯ್ಕೆಯಲ್ಲಿ ಕುರ್ಚಿ ಕೊಡುವುದು ಛೇರ್ಮನ್ನರ ತಂದೆಯ ಕಾಲದ ಪದ್ಧತಿ. ಕುರ್ಚಿ ಸಿಕ್ಕವನು ಕೋಲೆ ಬಸವನ ಹಾಗೆ ಗೋಣು ಆಡಿಸಿ ಎದ್ದು ಬರುವುದೂ ಪದ್ಧತಿಯೇ. ಬೆಳಿಗ್ಗೆ ಫೋರ್‌ಮನ್ ಅಷ್ಟಕ್ಕೇ ತಯಾರಾಗಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

ಮೇಜಿನ ನಡುವೆ ಬೆರಳುದ್ದದ ರೆಕಾರ್ಡರು ಇತ್ತು. ಮೂವರ ಅಭಿಪ್ರಾಯವನ್ನೂ ಮಾತು ಮಾತಾಗಿ ಟೈಪ್ ಮಾಡಿಸಿ, ಆಡಿದವರಿಂದ ಸಹಿ ಹಾಕಿಸಿ ಬೋರ್ಡಿಗೆ ಕಳಿಸಬೇಕು. ಟೈಪ್ ಮಾಡುವವಳು ಫೋರ್‌ಮನ್ನನ ತಂಗಿ. ಗಂಡ ಸತ್ತ ಮೇಲೆ ಕಂಪನಿ ಅವಳಿಗೆ ಕೊಟ್ಟ ಕೆಲಸ ಅದು.

ಗಂಡ ಸತ್ತದ್ದು ಇದೇ ಕಾರ್ಖಾನೆಯಲ್ಲಿ. ಮೂರು ವರ್ಷದ ಹಿಂದೆ, ಒಂದು ಬುಧವಾರ, ರಟ್ಟು ಒಣಗಿಸುವ ಯಂತ್ರಕ್ಕೆ ಹಬೆ ಒಯ್ಯುವ ಪೈಪಿನ ಜಾಯಿಂಟು ಸಿಡಿದು ಅವನ ಮೈಮೇಲೆ ಬಂತು. ಒಂಬತ್ತು ದಿನ ಬದುಕಿದ್ದ. ವಿಚಾರಣೆಗೆ ಬಂದವರು ಪಾರು ಪುಸ್ತಕ ತೆರೆದು ನೋಡಿದರು. ಹನ್ನೊಂದು ತಿಂಗಳಿಂದ ಖಾಲಿ. ಮೊದಲೇ ಯಾವ ಸುಳಿವೂ ಇರಲಿಲ್ಲ, ಯಾರ ತಪ್ಪೂ ಇಲ್ಲ ಎಂದು ಷರಾ ಬರೆದರು. ಸಾಕ್ಷಿಯ ಜಾಗದಲ್ಲಿ ಫೋರ್‌ಮನ್ ಸಹಿ ಹಾಕಿದ. ಸುಳಿವಿತ್ತು ಎಂಬುದು ಅವನಿಗೆ ಗೊತ್ತಿತ್ತು. ಜಾಯಿಂಟು ಬುಸುಗುಡುತ್ತಿದೆ ಎಂದು ತಂಗಿಯ ಗಂಡ ಅವನಿಗೇ ಬಂದು ಹೇಳಿದ್ದ. ಬರೆದವರನ್ನು ಹಳೆಯ ಮ್ಯಾನೇಜರು ಎಲ್ಲರೆದುರು ನಿಲ್ಲಿಸಿ, “ಕೆಲಸಕ್ಕೆ ಬಂದಿದೀಯೋ, ಕಾದಂಬರಿ ಬರಿಯೋಕೆ ಬಂದಿದೀಯೋ?” ಎಂದು ಕೇಳಿ, ಗಾಡಿ ಇಳಿಸುವ ಅಂಗಳಕ್ಕೆ ಅಟ್ಟುತ್ತಿದ್ದರು. ಇವನು ಹೆದರಿದ. ಬರೆಯಲಿಲ್ಲ. ಅದನ್ನು ಇವತ್ತಿನವರೆಗೆ ಹೆಂಡತಿಗೂ ಹೇಳಿರಲಿಲ್ಲ.

“ಏನ್ರೀ, ಮುಖ ಯಾಕೆ ಹಾಗಾಯ್ತು?” ಎಂದರು ಅಳಿಯಂದಿರು.

“ಏನಿಲ್ಲ ಸಾರ್, ಸೆಖೆ,” ಎಂದ. ಕೋಣೆಯಲ್ಲಿ ಏ.ಸಿ. ಓಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು.

ಊಟದ ನಂತರ ಬಂದ ಎರಡನೆಯವರು ಹೆಂಗಸು. ಕೊಠಡಿ ಚಿಕ್ಕದಾಗುವಂತೆ ಸದ್ದು ಮಾಡುವ ದಪ್ಪ ಬೂಟು, ಬಟ್ಟೆಯ ಚೀಲ. ಚೀಲದಿಂದ ಅವರು ತೆಗೆದ ಪುಸ್ತಕದ ಬೆನ್ನು ಕಿತ್ತುಹೋಗಿತ್ತು. ಗ್ರೀಸಿನ ಹೆಬ್ಬೆಟ್ಟುಗಳು, ಒಬ್ಬೊಬ್ಬರದು ಒಂದೊಂದು ಕೈಬರಹ. ಅಳಿಯಂದಿರು ಒಂದು ಸಾಲನ್ನು ಗಟ್ಟಿಯಾಗಿ ಓದಿದರು: “‘ಮೆಟ್ಟಿಲ ಮೇಲೆ ಎಣ್ಣೆ. ಮೇಡಂ ಅವರೇ ಜಾರಿ ಕೂತರು.’” ಆಮೇಲೆ ಎಣಿಸಿದರು. “ಮೂರು ವರ್ಷದಲ್ಲಿ ಅರವತ್ತೊಂದು ಸಲ ಗಂಡಾಂತರ. ಇದು ಫ್ಯಾಕ್ಟರಿನಾ ಮೇಡಂ, ಸರ್ಕಸ್ಸಾ?”

“ಬರೆದಿದ್ದು ಅರವತ್ತೊಂದು ಸಾರ್. ಬರೀದೇ ಉಳಿದದ್ದು ಎಷ್ಟಿದೆಯೋ ಅಂತಲೇ ನಂಗೆ ಭಯ,” ಎಂದರು ಆಕೆ. ಹಾಗೆನ್ನುವಾಗ ನಗಲಿಲ್ಲ.

ಆಕೆ ಹೊರಗೆ ಹೋದ ಮೇಲೆ ಅಳಿಯಂದಿರು ರೆಕಾರ್ಡರು ಹಚ್ಚಿದರು. ಸಣ್ಣ ಕೆಂಪು ದೀಪ ಹತ್ತಿತು. ಅವರ ಆಯ್ಕೆ ಕೋಟಿನವರು. ಶಿಸ್ತು, ಶುದ್ಧ ದಾಖಲೆ, ದೊಡ್ಡ ಕಂಪನಿಯ ಅನುಭವ. ಛೇರ್ಮನ್ನರೂ ಸರಿಸುಮಾರು ಅದನ್ನೇ ಹೇಳಿದರು. “ನಿಮ್ಮದು?” ಎಂದು ಫೋರ್‌ಮನ್ನನ ಕಡೆ ತಿರುಗಿದರು.

“ಆ ಅಮ್ಮ ಆಗಬಹುದು ಸಾರ್.”

“ಕಾರಣ?”

ಕಾರಣ ಇತ್ತು. ಹೇಳಿದರೆ ನಾಳೆ ಬೆಳಿಗ್ಗೆ ತಂಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ ದನಿಯಲ್ಲೇ ಅದನ್ನು ಕೇಳುತ್ತಾಳೆ. ಹೇಳದಿದ್ದರೆ ಮುಂದಿನ ತಿಂಗಳಿಂದ ಮುನ್ನೂರು ಜನ ಸಮಾಧಾನದ ನಗುವಿನ ಕೈಕೆಳಗೆ.

“ಸುಮ್ಮನೆ ಅನ್ನಿಸ್ತು,” ಎಂದ.

“ಅನ್ನಿಸಿದ್ದನ್ನ ಬೋರ್ಡಿಗೆ ಕಳಿಸೋಕಾಗಲ್ಲ,” ಎಂದು ಅಳಿಯಂದಿರು ರೆಕಾರ್ಡರಿನ ಕಡೆ ಕೈ ಚಾಚಿದರು.

“ಮೂರು ವರ್ಷದ ಹಿಂದೆ ನಮ್ಮ ಪುಸ್ತಕಾನೂ ಹೀಗೇ ಖಾಲಿ ಇತ್ತು ಸಾರ್.” ತಾನು ಮಾತಾಡುತ್ತಿದ್ದೇನೆಂದು ಅವನಿಗೆ ತಿಳಿದದ್ದೇ ಮಾತು ಶುರುವಾದ ಮೇಲೆ. “ಬುಧವಾರ ಜಾಯಿಂಟು ಒಡೀತು. ಹಿಂದಿನ ದಿನ, ಮಂಗಳವಾರ, ನನ್ನ ತಂಗಿ ಗಂಡ ಬಂದು ಹೇಳಿದ್ದ, ಸೋರ್ತಿದೆ ಭಾವ, ಪುಸ್ತಕದಲ್ಲಿ ಬರೀರಿ ಅಂತ. ನಾನು ಬರೀಲಿಲ್ಲ. ಹೆದರಿಕೊಂಡೆ. ವಿಚಾರಣೇಲೂ ಹೇಳಲಿಲ್ಲ.”

ಛೇರ್ಮನ್ನರ ಮುಖ ಬಿಳಿಚಿತ್ತು. ಆ ವಿಚಾರಣೆಯ ಷರಾದ ಕೆಳಗೆ ಅವರ ಸಹಿಯೂ ಇತ್ತು.

“ಇಷ್ಟು ದಿನ ಬಿಟ್ಟು ಈಗ್ಯಾಕೆ ಹೇಳ್ತಿದೀರಿ?” ಎಂದರು ಛೇರ್ಮನ್ನರು.

“ಬೆಳಿಗ್ಗೆ ಅವರು ತಂದ ಪುಸ್ತಕ ನೋಡಿದ್ರಲ್ಲ ಸಾರ್. ನಿಮಗೆ ಖಾಲಿ ಕಾಣ್ತು. ನಂಗೆ ಅದನ್ನ ಓದೋಕೆ ಬರುತ್ತೆ.”

ಅಳಿಯಂದಿರು ರೆಕಾರ್ಡರು ನಿಲ್ಲಿಸಿದರು. “ಇದನ್ನ ಅಳಿಸಿಬಿಡೋಣ. ನಿಮಗೂ ಒಳ್ಳೇದು, ನಮಗೂ ಒಳ್ಳೇದು. ನಾವಿಬ್ಬರೂ ಅಂದಿದ್ದೇ ಉಳೀಲಿ.” ದನಿ ಮೆತ್ತಗಿತ್ತು, ಬೆದರಿಕೆಯ ಹಾಗೆ ಕೇಳಿಸಲಿಲ್ಲ. ಫೋರ್‌ಮನ್ನನಿಗೆ ಆ ಕ್ಷಣ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಅಳಿಸಬಹುದು. ತಂಗಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಮನೆಗೆ ಹೋದರೆ ಅವಳ ಆರು ವರ್ಷದ ಮಗಳು ಎಂದಿನಂತೆ “ಮಾಮಾ” ಎಂದು ಬೆನ್ನು ಹತ್ತುತ್ತಾಳೆ.

“ಅಳಿಸಿದ್ರೆ ಬೆಳಿಗ್ಗೆ ಬಂದವರನ್ನೇ ತಗೋತೀರಾ ಸಾರ್?” ಎಂದು ಛೇರ್ಮನ್ನರನ್ನು ಕೇಳಿದ.

ಛೇರ್ಮನ್ನರು, ಕೋಟಿನವರು ಬಿಟ್ಟುಹೋಗಿದ್ದ ಪುಸ್ತಕದ ‘ಏನೂ ಇಲ್ಲ’ ಹಾಳೆಗಳನ್ನು ಮಗುಚಿದರು. “ಬೇಡ ಅನ್ನೋಕೆ ನನ್ನ ಹತ್ರ ಬೇರೆ ಕಾರಣ ಇಲ್ವಲ್ರೀ,” ಎಂದರು. “ಇದು ಬೋರ್ಡಿಗೆ ಹೋದ್ರೆ ಆಮೇಲೆ ನಿಮ್ಮನ್ನ ಉಳಿಸೋದು ನನ್ನ ಕೈಲಿರಲ್ಲ. ನನ್ನನ್ನ ಉಳಿಸೋದೂ ಇರಲ್ಲ. ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡಿದರೆ ಮತ್ತೆ ಹೆದರುತ್ತೇನೆಂದು ಅವನಿಗೆ ಗೊತ್ತಿತ್ತು. “ಇರಲಿ ಸಾರ್, ಅಳಿಸಬೇಡಿ,” ಎಂದ.

ಸಂಜೆ ತಂಗಿಗೆ ತಾನೇ ಹೇಳಿಬಿಡಬೇಕೆಂದುಕೊಂಡು ಮನೆಗೆ ಹೋದ. ಅವಳು ಮಗಳ ಜಡೆ ಬಿಚ್ಚುತ್ತಿದ್ದಳು. “ನಾಳೆ ಟೈಪಿಂಗ್ ಜಾಸ್ತಿ ಇದೆಯಂತೆ ಅಣ್ಣ, ಬೇಗ ಹೋಗ್ತೀನಿ,” ಎಂದಳು. ಅವನು ಹೂಂ ಎಂದ. ಊಟಕ್ಕೆ ಕೂತಾಗ ಹೇಳೋಣ ಎಂದುಕೊಂಡ. ಊಟವಾದ ಮೇಲೆ ಎಂದುಕೊಂಡ. ಬಾಯಿಗೆ ಬಂದ ಮಾತನ್ನು ನೀರು ಕುಡಿದು ಒಳಗಿಳಿಸಿದ. ಮಗು ಹೋಂವರ್ಕ್ ತೋರಿಸಲು ಬಂದರೆ ಅದರ ಮೇಲೆ ರೇಗಿದ. ಬೆಳಿಗ್ಗೆ ಅವನು ಏಳುವಷ್ಟರಲ್ಲಿ ತಂಗಿ ಹೋಗಿಯಾಗಿತ್ತು.

ಬಾಯ್ಲರ್ ಮನೆಯ ಮೂಲೆಯಲ್ಲಿ ಗಾಜಿನ ಗೋಡೆಯ ಒಂದು ಗೂಡು ಅವನ ಆಫೀಸು. ಹನ್ನೊಂದು ಗಂಟೆಯವರೆಗೆ ಹಬೆಯ ಒತ್ತಡ ತೋರಿಸುವ ಮೀಟರುಗಳನ್ನು ನೋಡುವ ನೆಪದಲ್ಲಿ ಆಫೀಸು ಕಟ್ಟಡದ ಬಾಗಿಲನ್ನೇ ನೋಡುತ್ತಿದ್ದ. ಎರಡು ಸಲ ಯಾರೋ ಬಂದರು, ಎರಡು ಸಲವೂ ಅವನು ಮೀಟರುಗಳ ಕಡೆ ತಿರುಗಿಕೊಂಡ. ಮೂರನೆಯ ಸಲ ಬಂದವಳು ತಂಗಿಯೇ. ಎದೆಗೆ ಫೈಲು ಒತ್ತಿಕೊಂಡು, ಹಬೆಯ ಪೈಪುಗಳ ಕೆಳಗೆ ತಲೆ ತಗ್ಗಿಸದೆ ನಡೆದು ಬಂದಳು. ಮೂರು ವರ್ಷದಲ್ಲಿ ಅವಳು ಈ ಕಡೆ ಕಾಲಿಟ್ಟದ್ದು ಅದೇ ಮೊದಲು.

ಅವಳು ಬಾಗಿಲು ಹಾಕಿದಳು. ಯಂತ್ರದ ಸದ್ದು ಸ್ವಲ್ಪ ಕಡಿಮೆಯಾಯಿತು.

“ಆ ಹೆಂಗಸನ್ನೇ ತಗೊಂಡಿದಾರಂತೆ. ಛೇರ್ಮನ್ನರು ಬೆಳಿಗ್ಗೆ ಹೇಳಿದ್ರು,” ಎಂದಳು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಫೈಲು ಬಿಚ್ಚಿ ಮೂರು ಪ್ರತಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. “ನಿನ್ನ ಸಹಿ ಬೇಕು.”

ಅವನು ಪೆನ್ನು ತೆಗೆದುಕೊಂಡ. ಏನಾದರೂ ಹೇಳಬೇಕಿತ್ತು. “ನಾನು ನಿಂಗೆ…” ಎಂದು ಶುರುಮಾಡಿದ.

“ಒಂದು ತಪ್ಪಿದೆ,” ಎಂದಳು ಅವಳು. ಬೆರಳನ್ನು ಒಂದು ಸಾಲಿನ ಮೇಲೆ ಇಟ್ಟಳು. “ಮಂಗಳವಾರ ಅಲ್ಲ.”

ಅವನು ತಲೆಯೆತ್ತಿದ.

“ಶನಿವಾರ. ಶನಿವಾರ ಕೆಲಸ ಮುಗಿಸಿ ಬಂದು ಅಂದ್ರು, ‘ಜಾಯಿಂಟು ಸೋರ್ತಿದೆ ಕಣೇ, ಭಾವಂಗೆ ಹೇಳಿದೀನಿ, ಬರೀತಾರೆ’ ಅಂತ. ಸೋಮವಾರ ಹೊರಡುವಾಗ ನಾನೇ ಕೇಳಿದೆ. ‘ಬರೆದಿರ್ತಾರೆ ಬಿಡು’ ಅಂದ್ರು.”

ಮಂಗಳವಾರ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದು ಅವನಿಗೆ ನಿಜವೇ ಆಗಿಹೋಗಿತ್ತು. ಒಂದು ದಿನದಲ್ಲಿ ಯಾರು ತಾನೆ ಏನು ಮಾಡಲು ಆಗುತ್ತಿತ್ತು ಎಂದು ಕೇಳಿಕೊಂಡು ಮೂರು ವರ್ಷ ನಿದ್ದೆ ಮಾಡಿದ್ದ. ಈಗ ಶನಿವಾರ ನೆನಪಾಯಿತು. ಅವತ್ತು ತಂಗಿಯ ಗಂಡ ತಲೆಗೆ ಕಟ್ಟಿದ್ದ ಟವೆಲ್ಲೂ ನೆನಪಾಯಿತು.

“ನಿಂಗೆ ಗೊತ್ತಿತ್ತಾ?” ಎಂದ.

ಅವಳು ಆ ಸಾಲಿನಿಂದ ಬೆರಳು ತೆಗೆಯಲಿಲ್ಲ.

“ಕಂಪ್ಯೂಟರಿನಲ್ಲಿ ನೀನೇ ತಿದ್ದಬಹುದಿತ್ತಲ್ಲ,” ಎಂದ.

“ತಿದ್ದಬಹುದಿತ್ತು,” ಎಂದಳು ತಂಗಿ.

ಅವನು ಮಂಗಳವಾರ ಎಂಬ ಅಕ್ಷರಗಳ ಮೇಲೆ ಗೀಟು ಎಳೆದ. ಮೇಲ್ಗಡೆ ಇದ್ದ ಸಣ್ಣ ಜಾಗದಲ್ಲಿ ಶನಿವಾರ ಎಂದು ಬರೆದ. ಅಕ್ಷರ ಸೊಟ್ಟಗಾಯಿತು. ಪಕ್ಕದಲ್ಲಿ ಸಹಿ, ತಾರೀಕು ಹಾಕೆಂದಳು, ಹಾಕಿದ. ಅವಳು ಹಾಳೆಯನ್ನು ಎತ್ತಿ, ಬರೆದದ್ದನ್ನು ಓದಿ, ಮಸಿ ಆರಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಎರಡನೆಯ ಪ್ರತಿಯನ್ನು ಅವನ ಮುಂದಕ್ಕೆ ಸರಿಸಿದಳು.