ಆಚೆ ದಡದಲ್ಲಿ ರಜೆ

ನನ್ನ ತಂಗಿ ಮಾಲಾವನ್ ಪ್ರತಿ ಚಳಿಗಾಲ ರಾಜಧಾನಿ ವಿಯೆಂಟಿಯಾನ್‌ನಿಂದ ನಮ್ಮೂರು ಲುವಾಂಗ್ ಪ್ರಬಾಂಗಿಗೆ ಸುಧಾರಿಸಿಕೊಳ್ಳಲು ಬರುತ್ತಾಳೆ. ಸುಧಾರಿಸಿಕೊಳ್ಳುವುದು ಎಂದರೆ ಮೆಕಾಂಗ್ ನದಿಗೆ ಮುಖ ಮಾಡಿದ ನಮ್ಮ ಜಗಲಿಯಲ್ಲಿ, ಬೆತ್ತದ ಕುರ್ಚಿಯ ಮೇಲೆ ಕಾಲು ಚಾಚಿ ಬಿದ್ದುಕೊಳ್ಳುವುದು. ಬಿದ್ದಲ್ಲಿಗೇ ಅಮ್ಮ ನದಿಪಾಚಿಯ ಹಪ್ಪಳ ತಂದುಕೊಡುತ್ತಾಳೆ. ಕರಿಯುವವಳು ನಾನು. ಜೊತೆಗೆ ನೆಂಚಿಕೊಳ್ಳಲು ಎಮ್ಮೆಯ ಚರ್ಮ ಹಾಕಿ ಅರೆದ ಮೆಣಸಿನ ಚಟ್ನಿ. ಅರೆಯುವವಳೂ ನಾನೇ, ಆದರೆ ಆ ಭರಣಿಯ ಬಾಯಿ ಬಿಚ್ಚಲು ಮಾಲಾ ಬರಬೇಕು. ನಾನು ಕೇಳಿದರೆ ಅಮ್ಮ, ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತಾಳೆ.

ಬೆಳಗಿನ ಜಾವ ಎದ್ದು ಅಂಟಕ್ಕಿಯ ಅನ್ನ ಬೇಯಿಸುವವಳು ನಾನು. ಅಮ್ಮನ ಪಕ್ಕ ಚಾಪೆಯ ಮೇಲೆ ಮಂಡಿಯೂರಿ, ಸಾಲಾಗಿ ಬರುವ ಭಿಕ್ಷುಗಳ ಪಾತ್ರೆಗೆ ಅದೇ ಅನ್ನ ಹಾಕಿ ಪುಣ್ಯ ಕಟ್ಟಿಕೊಳ್ಳುವವಳು ಮಾಲಾ. ಅದನ್ನೂ ಸಹಿಸಿದ್ದೆ. ಸಹಿಸಲಾಗದೆ ಹೋದದ್ದು ನೂಲಿನ ವಿಷಯ.

ನಮ್ಮ ನಂಬಿಕೆಯಂತೆ ಊರಿಂದೂರಿಗೆ ಓಡಾಡುವವರ ಜೀವ ದಾರಿಯಲ್ಲೆಲ್ಲೋ ಉಳಿದುಬಿಡುತ್ತದೆ. ಮೈಯಲ್ಲಿರುವುದು ಒಂದಲ್ಲ, ಮೂವತ್ತೆರಡು ಜೀವ. ಒಂದೊಂದನ್ನೂ ಕರೆದು, ಮಣಿಕಟ್ಟಿಗೆ ಬಿಳಿ ನೂಲು ಸುತ್ತಿ ಕಟ್ಟಿಹಾಕಬೇಕು. ಹಾಗಾಗಿ ಮಾಲಾ ಬಂದ ದಿನ ಒಮ್ಮೆ, ಹೊರಡುವ ದಿನ ಒಮ್ಮೆ ಮನೆಯಲ್ಲಿ ಜೀವ ಕರೆಯುವ ಶಾಸ್ತ್ರ. ಚೆಂಡುಹೂವಿನ ಗೋಪುರ, ಬೇಯಿಸಿದ ಮೊಟ್ಟೆ, ಓಣಿಯ ಹೆಂಗಸರೆಲ್ಲ. ಅಮ್ಮ ಅವಳ ಕೈ ಹಿಡಿದು ಹರಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಅಷ್ಟು ಜನಕ್ಕೆ ಅಡುಗೆ ಮುಗಿಸಿ ನಾನು ಒದ್ದೆ ಕೈಯಲ್ಲಿ ಬರುವಷ್ಟರಲ್ಲಿ ನೂಲು ಮುಗಿದಿರುತ್ತದೆ. ಹೊಸ ವರ್ಷಕ್ಕೆ ಎಲ್ಲರ ಜೊತೆ ನನಗೂ ಒಂದೆಳೆ ಸಿಗುತ್ತದೆ ನಿಜ, ಆದರೆ ಅದು ಎಲ್ಲರಿಗೂ ಸಿಗುವಂಥದ್ದು. ನನಗೆಂದೇ ಅಮ್ಮ ಒಮ್ಮೆಯೂ ಗೋಪುರ ಕಟ್ಟಿಸಲಿಲ್ಲ. ಒಂದು ಸಲ ಬಾಯಿಬಿಟ್ಟು ಕೇಳಿದ್ದೆ. ಎಲ್ಲಿಗೂ ಹೋಗದವಳ ಜೀವವನ್ನು ಎಲ್ಲಿಂದ ಕರೆಯಲಿ ಎಂದು ನಕ್ಕಳು.

ಈ ಸಲ ಮಾಲಾ ಹೊರಡಲು ಮೂರು ದಿನ ಇತ್ತು. ನಾನು ಜಗಲಿಯ ಕೆಳಗೆ ಬಾಣಲೆ ತಿಕ್ಕುತ್ತಿದ್ದೆ. ಮೇಲಿನಿಂದ ಅವಳ ದನಿ ಬಂತು.

"ನಿಂಗೇನಕ್ಕ, ವರ್ಷಪೂರ್ತಿ ರಜೆ. ಎದುರಿಗೆ ನದಿ, ಪಕ್ಕದಲ್ಲಿ ಅಮ್ಮ. ಪುಣ್ಯವಂತೆ ನೀನು."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಣಲೆಯನ್ನು ಅಲ್ಲೇ ಕುಕ್ಕಿ, ಹಾಗಾದರೆ ನಾಳೆ ನಾನೂ ರಜೆಗೆ ಹೋಗುತ್ತೇನೆ, ಈ ಪುಣ್ಯವನ್ನು ಒಂದು ದಿನ ನೀನೇ ಅನುಭವಿಸು ಎಂದೆ. ಅಮ್ಮ ತಲೆ ಎತ್ತದೆ, "ಹೋಗ್ಬಾರೇ, ನಿನ್ನ ಯಾರು ಕಟ್ಟಾಕಿದಾರೆ?" ಎಂದಳು. ಬೇಡ ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

ಮರುದಿನ ಚೀಲ ಹಿಡಿದು ದೋಣಿ ಹತ್ತಿದೆ. ಹೋಗಿದ್ದು ಎಲ್ಲಿಗೆ? ಆಚೆ ದಡಕ್ಕೆ, ಚೊಂಫೆಟ್‌ಗೆ. ಅಲ್ಲಿ ನನ್ನ ಗೆಳತಿ ವಿಲೈ ಪ್ರವಾಸಿಗರಿಗೆ ಕೋಣೆ ಕೊಡುತ್ತಾಳೆ. ನನ್ನನ್ನು ಕಂಡವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ವೇ ಪೆಟ್ಸಮೋನ್, ನಿಮ್ಮನೆ ಇಲ್ಲಿಂದ್ಲೇ ಕಾಣುತ್ತಲ್ಲೇ. ಇದ್ಯಾವ ಸೀಮೆ ರಜೆ?"

ಕಾಣುತ್ತದೆಂದೇ ಬಂದದ್ದು ಎಂದು ಹೇಳಲು ನನಗೇನು ಹುಚ್ಚೇ? ನದಿಯ ಕಡೆಯ ಕೋಣೆಯೇ ಬೇಕೆಂದು ಹಟ ಹಿಡಿದೆ. ಅವಳು ಜೋಲಿ ಕಟ್ಟಿಸಿ, ನಿಂಬೆಹುಲ್ಲಿನ ಚಹಾ ತಂದಿಟ್ಟಳು. ಎಲ್ಲ ಸುಖವಾಗಿಯೇ ಇತ್ತು. ಆದರೆ ನಾನು ಜೋಲಿಯಲ್ಲಿ ಮಲಗಲಿಲ್ಲ, ಕಂಬಕ್ಕೊರಗಿ ನಮ್ಮ ಜಗಲಿಯನ್ನೇ ನೋಡುತ್ತಾ ಕೂತೆ. ಬೆತ್ತದ ಕುರ್ಚಿಯಲ್ಲಿ ಮಾಲಾ. ಸಂಜೆ ಅಮ್ಮ ಹೊರಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ಈ ಕಡೆ ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಇಬ್ಬರೂ ಭರಣಿ ಬಿಚ್ಚಿ ಹಾಯಾಗಿ ತಿನ್ನುತ್ತಿರಬೇಕು ಅನ್ನಿಸಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ನೋಡುತ್ತೇನೆ, ಯಾರೋ ಜಗಲಿ ಗುಡಿಸುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಅವರ ಬುಟ್ಟಿಗಳಲ್ಲಿದ್ದ ಚೆಂಡುಹೂವಿನ ಬಣ್ಣ ನದಿಯ ಈಚೆಗೂ ಕಂಡಿತು.

ಮಾಲಾ ಹೊರಡುವುದು ನಾಳೆ. ನಾನಿಲ್ಲದ ದಿನ ನೋಡಿ ಇವತ್ತೇ ಶಾಸ್ತ್ರ ಮುಗಿಸುತ್ತಿದ್ದಾರೆ. ಕೊನೆಗೆ ಅಡುಗೆಗೂ ನಾನು ಬೇಡವಾದೆ. ಚೀಲವನ್ನು ವಿಲೈ ಮನೆಯಲ್ಲೇ ಬಿಟ್ಟು ದಡಕ್ಕೆ ಓಡಿದೆ. ಮಾಲಾಗೆ ಏನನ್ನಬೇಕು, ಅಮ್ಮನಿಗೆ ಏನನ್ನಬೇಕು ಎಂದು ದೋಣಿಯುದ್ದಕ್ಕೂ ಮಾತು ಮಸೆಯುತ್ತಾ ಬಂದೆ.

ಜಗಲಿ ಹತ್ತಿದರೆ ನಡುವೆ ಹೂವಿನ ಗೋಪುರ, ಸುತ್ತ ಹೆಂಗಸರು, ಮಂತ್ರ ಹೇಳುವ ತಾತ. ಗೋಪುರದ ಮುಂದಿನ ಜಾಗ ಖಾಲಿ. ಮಾಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೆನ್ನೆಗೆ ಮಸಿ, ಕೈಯೆಲ್ಲ ಒದ್ದೆ.

"ಬಂದ್ಯಾ? ಅಲ್ಲಿ ಕೂತ್ಕೋ," ಎಂದು ಅಮ್ಮ ಖಾಲಿ ಜಾಗ ತೋರಿಸಿದಳು.

ಅದು ಮಾಲಾಳ ಜಾಗ ಎಂದೆ. ಮಸೆದಿಟ್ಟುಕೊಂಡ ಮಾತುಗಳಲ್ಲಿ ಅದೊಂದೇ ಹೊರಬಂತು.

"ಇವತ್ತು ನಿಂದು. ನದಿ ದಾಟಿ ಒಂದು ರಾತ್ರಿ ಇದ್ದು ಬಂದಿದೀಯ."

ಕೂತೆ. ತಾತ ಜೀವಗಳನ್ನು ಕರೆದ. ಅಮ್ಮ ನೂಲು ಹಿಡಿದು ನನ್ನ ಕೈ ಎಳೆದುಕೊಂಡಳು. ಗಂಟು ಹಾಕಲು ಹೋದಳು, ಬೀಳಲಿಲ್ಲ. ಮತ್ತೆ ಹೋದಳು. ಅವಳ ಬೆರಳು ನಡುಗುತ್ತಿದ್ದವು.

"ರಾತ್ರಿ ನಿದ್ದೆಗಣ್ಣಲ್ಲಿ ನಿನ್ನ ಹೆಸರು ಕೂಗ್ಬಿಟ್ಟೆ. ಮಾಲಾ ಎದ್ದು ಬಂದ್ಳು. ನೀನಲ್ಲ, ಹೋಗು ಅಂದೆ. ಇನ್ಮೇಲೆ ಹೀಗೆಲ್ಲ ಹೋಗ್ಬೇಡ ಕಣೇ. ನನ್ ಕೈಲಾಗಲ್ಲ."

ನೂಲು ಕಟ್ಟುವಾಗ ಹತ್ತಿರದವರು ಮೊಣಕೈ ಮುಟ್ಟಬೇಕು. ಮಾಲಾ ಬಂದು ಹಿಂದೆ ಕೂತು ನನ್ನ ಮೊಣಕೈ ಹಿಡಿದಳು. ಅವಳ ಕಣ್ಣು ಅಮ್ಮನ ಬೆರಳುಗಳ ಮೇಲೆಯೇ ಇತ್ತು.

"ನಂಗೆ ಕಟ್ಟೋವಾಗ ಅಮ್ಮನ ಕೈ ಒಂದ್ಸಲಾನೂ ನಡುಗಿಲ್ಲ ಅಕ್ಕ," ಎಂದಳು, ನನಗೊಬ್ಬಳಿಗೇ ಕೇಳುವ ಹಾಗೆ.

ಆ ದನಿಯಲ್ಲಿದ್ದ ಸಂಕಟ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ನಾನೇ ಸಾಕಿಕೊಂಡು ಬಂದದ್ದು. ತಿರುಗಿ ಅವಳ ಮುಖ ನೋಡಬೇಕಿತ್ತು, ಒಂದು ಸಮಾಧಾನದ ಮಾತಾದರೂ ಆಡಬೇಕಿತ್ತು.

ನಾನು ನನ್ನ ಇನ್ನೊಂದು ಕೈಯನ್ನೂ ಅಮ್ಮನ ಮುಂದೆ ಚಾಚಿದೆ.