ಬಲದಿಂದ ಎಡಕ್ಕೆ

ಬೆಟಗೇರಿಯ ಆ ತಗಡಿನ ಶೆಡ್ಡಿನಲ್ಲಿ ಮಗ್ಗಗಳು ಹೋಗಿದ್ದವು, ಮಗ್ಗದ ಕುಣಿಗಳು ಉಳಿದಿದ್ದವು. ಕುಣಿ ಮುಚ್ಚಿಸಲು ಕೈ ಬಾರದ ಕೊಟ್ರಪ್ಪ ಸಾವಕಾರ ಅವುಗಳ ಅಂಚಿಗೆ ಹಲಗೆ ಬಡಿಸಿ, ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಡಿಸಿದ್ದ. ಹನ್ನೊಂದು ಹೆಂಗಸರು ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಿಗ್ಗೆ ಎಂಟಕ್ಕೆ ಕೂತರೆ ಏಳುವುದು ಸಂಜೆ ಆರಕ್ಕೆ. ಮೇಲೆ ತಗಡು ಕಾಯುತ್ತಿತ್ತು, ಕೆಳಗೆ ತೇವ ಏರುತ್ತಿತ್ತು. ತಲೆಗೆ ಬ್ಯಾಸಗಿ, ಕಾಲಿಗೆ ಮಳೆಗಾಲ.

ಅವರ ಕೆಲಸ, ದೂರದ ಕಂಪನಿಯೊಂದರ ಕಂಪ್ಯೂಟರ್ ಹತ್ಯಾರಗಳನ್ನು ಹೇಗೆ ಬಳಸಬೇಕೆಂದು ಕನ್ನಡದಲ್ಲಿ ಬರೆಯುವುದು. ಅದನ್ನು ಓದುವವರು ಮನುಷ್ಯರಲ್ಲ. ಓದಿ, ತಾವೇ ಕೆಲಸ ಮಾಡಿ ಮುಗಿಸುವ ಯಂತ್ರಬುದ್ಧಿಗಳು. ಕಂಪನಿಯವರು ಅವಕ್ಕೆ ಏಜೆಂಟ್ ಅನ್ನುತ್ತಿದ್ದರು.

"ಎಪಿಎಂಸಿಯಾಗ ಇರ್ತಾರಲ್ಲ, ಅಂಥಾ ಏಜೆಂಟರೇನ?" ಹರ್ತಿಯಿಂದ ಬಸ್ಸಿಗೆ ಬರುವ ಶೇಖವ್ವ ಮೊದಲ ದಿನ ಕೇಳಿದ್ದಳು.

"ಅಲ್ಲಕ್ಕಾ. ಇವಕ್ಕ ಮೈ ಇಲ್ಲ," ಅಂದಿದ್ದಳು ಪಕ್ಕದ ಕುಣಿಯ ನಿಶಾತ.

"ಮೈ ಇಲ್ಲಂದ್ರ ಕಾಲ ಜೋಮ ಹಿಡಿಯಂಗಿಲ್ಲ. ಪುಣ್ಯವಂತ್ರು ಬಿಡು."

ಈ ವಾರ ನಿಶಾತಳ ಪಾಲಿಗೆ ಬಂದದ್ದು ಪಟ್ಟಿಯಿಂದ ಕಾಲಂ ಅಳಿಸುವ ಹತ್ಯಾರ. ಎಷ್ಟನೇ ಕಾಲಂ ಎಂದು ಹೇಳಿದರೆ ಅದನ್ನು ಕಿತ್ತು ಹಾಕುತ್ತಿತ್ತು. ನಾಲ್ಕು ಸಲ ಮಾಡಿ ನೋಡಿ, ತಿಳಿದುಕೊಂಡು ಅವಳು ಬರೆದಳು: "ಮೊದಲು ನಕಲು ಇಟ್ಟುಕೋ. ಒಂದಕ್ಕಿಂತ ಹೆಚ್ಚು ಕಾಲಂ ಇದ್ದರೆ ಬಲದಿಂದ ಎಡಕ್ಕೆ ಅಳಿಸು."

ಕೊಟ್ರಪ್ಪ ಓದಿ ಕನ್ನಡಕ ಹಣೆಗೇರಿಸಿದ. "ಇದೇನವಾ, ಬಲದಿಂದ ಎಡಕ್ಕ? ಇದು ಕನ್ನಡದ ಕೆಲಸ. ನಿಮ್ಮ ಉರ್ದು ಪದ್ಧತಿ ಇದರಾಗ ತುರುಕಬ್ಯಾಡ."

"ಉರ್ದು ಅಲ್ಲರಿ ಸಾವಕಾರ್ರ. ನಳದ ಪಾಳಿಯಾಗ ಎರಡನೇದಾಕಿ ಎದ್ದಹೋದ್ರ ಹಿಂದಿನವರೆಲ್ಲಾ ಒಂದೊಂದು ಹೆಜ್ಜಿ ಮುಂದ ಬರೂದಿಲ್ಲೇನ್ರಿ? ಆಮ್ಯಾಲೆ ಮೂರನೇದಾಕಿನ್ನ ಕರದ್ರ ಬ್ಯಾರೇದಾಕೀನ ಬರ್ತಾಳ. ಬಲಗಡಿಯಿಂದ ತಗದ್ರ ಯಾರೂ ಸರಿಯಂಗಿಲ್ಲ."

"ನನಗ ಪಾಳಿ ಕಲಸಾಕ ಬರಬ್ಯಾಡ."

ಅವನೇ ಕೂತು 'ಎಡದಿಂದ ಬಲಕ್ಕೆ' ಎಂದು ತಿದ್ದಿದ. ನಕಲಿನ ಮಾತು ಉದ್ದವಾಯಿತೆಂದು ಹೊಡೆದು ಹಾಕಿದ. ದೇವರಾದರೆ ಎಡದಿಂದಲೂ ಓದುತ್ತಾನೆ, ಬಲದಿಂದಲೂ ಓದುತ್ತಾನೆ. ಯಂತ್ರ ಹೇಳಿದ ಕಡೆಯಿಂದ ಮಾತ್ರ ಓದುತ್ತದೆ.

ಮರುದಿನ ಪರೀಕ್ಷೆ. ಕೊಟ್ರಪ್ಪ ಶೆಡ್ಡಿನ ಹಾಜರಿ ಪಟ್ಟಿಯನ್ನೇ ಏಜೆಂಟಿನ ಮುಂದೆ ಇಟ್ಟ. ತನಗೆ ನೋಯುವುದನ್ನೆಲ್ಲ ಮುಂದಿಟ್ಟು ಬರೆಸಿದ ಪಟ್ಟಿ ಅದು: ನಂಬರು, ರಜೆ, ಊಟದ ಬಿಡುವು, ಆಮೇಲೆ ಹೆಸರು, ಊರು. ರಜೆಯೂ ಬಿಡುವೂ ಇಲ್ಲದ ಶೆಡ್ಡು ಅನ್ನಿಸಿಕೊಂಡರೆ ಕಂಪನಿ ಇನ್ನಷ್ಟು ಕೆಲಸ ಕೊಟ್ಟೀತು ಎಂಬ ಆಸೆ.

"ಎರಡನೇದು, ಮೂರನೇದು ತಗಿ," ಎಂದು ಏಜೆಂಟಿಗೆ ಹೇಳಿದ.

ಏಜೆಂಟು ತಿದ್ದಿದ ಬರಹ ಓದಿಕೊಂಡು ಎರಡನೆಯದನ್ನು ಕಿತ್ತಿತು. ರಜೆ ಹೋಯಿತು. ಊಟದ ಬಿಡುವು ಎರಡನೆಯ ಜಾಗಕ್ಕೆ ಸರಿಯಿತು, ಹೆಸರು ಮೂರನೆಯ ಜಾಗಕ್ಕೆ. ಆಮೇಲೆ ಮೂರನೆಯದನ್ನು ಕಿತ್ತಿತು. "ಕೆಲಸ ಮುಗಿದಿದೆ," ಎಂದು ವಿನಯದಿಂದ ತಿಳಿಸಿ, ಪಟ್ಟಿಯನ್ನು ಕಂಪನಿಗೆ ಕಳಿಸಿಯೂ ಬಿಟ್ಟಿತು.

ಕಾಲು ತಾಸಿನಲ್ಲಿ ಉತ್ತರ ಬಂತು. ಬರೆದದ್ದು ಅಲ್ಲಿಯ ಇನ್ನೊಂದು ಏಜೆಂಟು. "ನಿಮ್ಮಲ್ಲಿ ಹನ್ನೊಂದು ಊಟದ ಬಿಡುವುಗಳಿವೆ. ಮನುಷ್ಯರು ಕಂಡುಬಂದಿಲ್ಲ. ಪಗಾರ ತಡೆಹಿಡಿಯಲಾಗಿದೆ. ಹೆಸರು ಸೇರಿಸಬೇಕಿದ್ದರೆ, ಹೆಸರುಗಳ ಕೆಳಗೆ ತಪ್ಪಿತಸ್ಥರ ಸಹಿ ಹಾಕಿಸಿ ಕಳಿಸಿರಿ."

ಕೊಟ್ರಪ್ಪ ಹಳೆಯ ಪಟ್ಟಿ ಹುಡುಕಿದ; ನಕಲು ಇರಲಿಲ್ಲ. ಆಮೇಲೆ ಒಂದು ಹಾಳಿಯ ಮೇಲೆ ಏನೋ ಗೀಚಿ ನಿಶಾತಳ ಹಲಗೆಯ ಮೇಲಿಟ್ಟ. 'ಉರ್ದು ರೂಢಿಯಿಂದ ನಾನೇ ಹಿಂದುಮುಂದಾಗಿ ಬರೆದೆ' ಎಂದಿತ್ತು.

"ಸಹಿ ಹಾಕು. ನಿನ್ನೊಬ್ಬಾಕಿ ಕೆಲಸ ಹೋದ್ರ ಹತ್ತ ಮಂದಿ ಹೆಸರು ಉಳೀತಾವು. ನೋಡು, ಪುಣ್ಯದ ಕೆಲಸ."

ನಿಶಾತ ಪೆನ್ನು ಹಿಡಿದಳು. ಹತ್ತು ಮುಖಗಳನ್ನು ನೋಡಿದಳು.

"ಯವ್ವಾ, ಪೆನ್ನ ಕೆಳಗ ಇಡು," ಅಂದಳು ಶೇಖವ್ವ. "ಸಾವಕಾರ್ರ, ಪಟ್ಟಿಯಾಗ ನಿಶಾತ ಅನ್ನಾಕೀನ ಇಲ್ಲ. ಇಲ್ಲದಾಕಿ ತಪ್ಪ ಹೆಂಗ ಮಾಡ್ತಾಳ? ಹೆಣ ಎದ್ದು ಸಾಕ್ಷಿ ಹೇಳಿದಂಗಾತು."

ಯಾರೋ ನಕ್ಕರು. ಶೇಖವ್ವ ಕುಣಿಯಿಂದ ಕಾಲು ಮೇಲೆಳೆದುಕೊಂಡು ಬುತ್ತಿಯ ಗಂಟು ಬಿಚ್ಚಿದಳು. "ನಾವಂತೂ ಇಲ್ಲ. ಊಟದ ಬಿಡುವು ಐತಿ. ಬರ್ರೆವಾ, ಅದನ್ನರ ಉಣ್ಣೂಣು."

ಒಬ್ಬೊಬ್ಬರಾಗಿ ಹನ್ನೊಂದೂ ಮಂದಿ ಮೇಲೆದ್ದರು. ಜೋಮು ಹಿಡಿದ ಕಾಲುಗಳನ್ನು ತಿಕ್ಕಿಕೊಳ್ಳುತ್ತ ನೆಲಕ್ಕೆ ಸುತ್ತಾಗಿ ಕೂತರು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ ಕೈಯಿಂದ ಕೈಗೆ ಹೋದವು.

"ಇನ್ನೂ ಹನ್ನೊಂದ ಗಂಟಿ ಆಗಿಲ್ಲ," ಕೊಟ್ರಪ್ಪ ಹಾಳಿಯನ್ನು ತಿರುವಿ ಹಾಕಿ ಪೆನ್ನು ಕಿತ್ತುಕೊಂಡ. "ಯಾರ್ಯಾರು ಎದ್ದೀರಿ, ಹೆಸರ ಹೇಳ್ರಿ. ಒಬ್ಬೊಬ್ಬರದೂ ಬರಕೊಂತೇನಿ."

"ಬರಕೋರಿ. ಶೇಖವ್ವ. ಹರ್ತಿ."

"ಗುಲಾಬಬಿ. ಲಕ್ಷ್ಮೇಶ್ವರ."

"ವಾಣಿಶ್ರೀ. ಡೋಣಿ."

ಸಿಟ್ಟಿನ ಭರದಲ್ಲಿ ಅವನು ಒಂದಕ್ಷರ ಬಿಡದೆ ಬರೆದ. ಹೆಸರು, ಊರು, ಹೆಸರು, ಊರು.

"ನಿಶಾತ. ಬೆಟಗೇರಿ," ಅಂದಳು ಕೊನೆಗೆ ನಿಶಾತ. ರೊಟ್ಟಿ ಮುರಿಯುತ್ತ ಅವನ ಕೈಯೊಳಗಿನ ಹಾಳಿ ನೋಡಿದಳು. "ಹನ್ನೊಂದೂ ಬಂದ್ವರಿ. ಇನ್ನ ಕೆಳಗ ತಪ್ಪಿತಸ್ಥರ ಸಹಿ ಒಂದ ಬಾಕಿ ಐತಿ. ಹಾಕ್ರಿ, ಸಾವಕಾರ್ರ."