ಆಮೆನ್‌ಗೆ ಮುಂಚೆ

“ಇಲ್ಲಿ ಬೇಡಮ್ಮಾ, ಮೇಲೆ ಹೋಗಿ,” ಎಂದ ಪಾಸ್ಟರ್ ಕ್ಲೆಮೆಂಟ್.

ತಟ್ಟೆಯ ಮುಂದೆ ಕೈಜೋಡಿಸಿ ಕೂತಿದ್ದ ಒಡೆಸ್ಸಾ ಪ್ರೂಯಿಟ್ ಒಂದು ಕಣ್ಣು ಮಾತ್ರ ತೆರೆದಳು. ಎಂಬತ್ತೆರಡರ ಮುದುಕಿ. ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಶಾಲೆಯಲ್ಲಿ ಅವನಿಗೆ ಮೊದಲ ಪ್ರಾರ್ಥನೆ ಕಲಿಸಿದವಳು.

“ಊಟ ಇರೋದು ಇಲ್ಲಿ. ಮೇಲೆ ಹೋಗಿ ಬೆಂಚಿಗೆ ಥ್ಯಾಂಕ್ಸ್ ಹೇಳ್ಲಾ?”

“ಸರ್ಕಾರದ ರೂಲು.”

“ನನ್ನ ಮಂಡೀದೂ ಒಂದು ರೂಲಿದೆ ಮಗಾ.”

ಅಮೆರಿಕದ ಯಂಗ್ಸ್‌ಟೌನಿನ ಆ ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರದ ಊಟ ಸರ್ಕಾರದ ಹಣದಿಂದ ನಡೆಯುತ್ತಿತ್ತು. ಆ ಊಟದ ಜೊತೆ ಪ್ರಾರ್ಥನೆ ಸೇರಿಸುವಂತಿಲ್ಲ. ಬೇಕಾದವರು ಮುಂಚೆಯೇ ಮೇಲೆ ಪ್ರಾರ್ಥಿಸಿ, ಐದಕ್ಕೆ ಕೆಳಗಿಳಿದು ತಿನ್ನಬೇಕು. ಮೇಲಿನ ಪ್ರಾರ್ಥನೆಯನ್ನು ಕ್ಲೆಮೆಂಟ್ ಸಭೆಯ ಹಿರಿಯರಿಗೆ ಒಪ್ಪಿಸಿ, ತಾನು ಕೆಳಗೆ ಚಿಕನ್ ಬಡಿಸುತ್ತಿದ್ದ. ಜನ ಅದನ್ನು ವಿನಯ ಎಂದರು. ನಿಜಕ್ಕೂ ಅದು ಅವನಿಗೆ ಸಿಕ್ಕ ರಜೆ. ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದವನು ದೇವರ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಭಾನುವಾರ ಹೇಗೋ ಬರೆದದ್ದನ್ನು ಓದಿ ಮುಗಿಸುತ್ತಿದ್ದ.

ಬಡಿಸಿ ಮುಗಿಯುವ ಹೊತ್ತಿಗೆ ಹಾಲ್‌ಬ್ರೂಕ್ ಬಂದ, ಹಿಂದೆ ಟೀವಿಯವರು. ಸೆನೆಟ್ಟಿಗೆ ನಿಂತಿದ್ದ, ಚುನಾವಣೆಗೆ ಮೂರು ವಾರ.

“ಚರ್ಚುಗಳು ಮಾಡೋ ಕೆಲಸಕ್ಕೆ ಸರ್ಕಾರ ಎರಡು ಪಟ್ಟು ಕೊಡಬೇಕು. ನಾನು ಕೊಡಿಸ್ತೀನಿ,” ಎನ್ನುತ್ತ ಒಡೆಸ್ಸಾಳ ಪಕ್ಕದ ಕುರ್ಚಿ ಎಳೆದು ಕೂತ. “ಶುರು ಮಾಡಿ ಪಾಸ್ಟ್ರೇ. ಪ್ರಾರ್ಥನೆ ಆಗದೆ ನಾನು ತುತ್ತು ಮುಟ್ಟಲ್ಲ.”

“ಇಲ್ಲಿ ಹಾಗೆ ಮಾಡೋ ಹಾಗಿಲ್ಲ. ಸರ್ಕಾರದ ಹಣದ ಷರತ್ತೇ ಅದು.”

“ಇವತ್ತು ನಾನಿದ್ದೀನಲ್ಲ.”

ನಲವತ್ತು ತಲೆಗಳು ಬಾಗಿದವು. ಕ್ಯಾಮೆರಾ ಕ್ಲೆಮೆಂಟನ ಮುಖದ ಹತ್ತಿರ ಬಂತು. ನಿಯಮ ಮುರಿಯುವ ಭಯ ಅವನಿಗಿರಲಿಲ್ಲ. ಬಾಯಿ ತೆರೆದ, ಒಳಗೆ ಏನೂ ಇರಲಿಲ್ಲ. ಈ ರೊಟ್ಟಿಗಾಗಿ, ಈ ದಿನಕ್ಕಾಗಿ ಎಂದು ಮಕ್ಕಳೂ ಹೇಳುವ ಎರಡು ಸಾಲು ಕೂಡ ಇರಲಿಲ್ಲ. ಇದ್ದವು ಎಂದು ಇಷ್ಟು ದಿನ ಸುಮ್ಮನೆ ನಂಬಿಕೊಂಡಿದ್ದ.

ಒರಟು ಕೈಯೊಂದು ತಡಕಿ ಅವನ ಕೈ ಹಿಡಿಯಿತು.

“ನಿಧಾನ ಮಗಾ,” ಎಂದಳು ಒಡೆಸ್ಸಾ, ಕಣ್ಣು ಮುಚ್ಚಿಕೊಂಡೇ. “ನಾವೆಲ್ಲಿಗೂ ಹೋಗಲ್ಲ.”

ಅವನಿಗೆ ಅಳು ಬಂದಂತಾಯಿತು. ಆ ಕೈಯ ಮೇಲೆ ಅವನಿಗೆ ಇನ್ನೂ ನಂಬಿಕೆ ಇತ್ತು. ಆದರೆ ಅದನ್ನು ಮೈಕಿನಲ್ಲಿ ಹೇಳುವುದು ಹೇಗೆ?

ಒಂದು ನಿಮಿಷವಾಯಿತು. ಹಾಲ್‌ಬ್ರೂಕ್ ವಾಚು ನೋಡಿಕೊಂಡು ಗಟ್ಟಿಯಾಗಿ “ಆಮೆನ್” ಎಂದ. “ಮೌನ ಪ್ರಾರ್ಥನೆ. ಚೆನ್ನಾಗಿತ್ತು ಪಾಸ್ಟ್ರೇ, ರೂಲೂ ಉಳೀತು.” ಎರಡು ತುತ್ತು ತಿಂದ, ನಾಲ್ವರ ಕೈ ಕುಲುಕಿದ, ಹೋದ. ಚಮಚಗಳ ಸದ್ದು ಶುರುವಾಯಿತು.

“ಆಯ್ತಮ್ಮಾ. ಊಟ ಮಾಡಿ.”

“ಎಲ್ಲಿ ಆಯ್ತು? ನೀನಿನ್ನೂ ಶುರುನೇ ಮಾಡಿಲ್ಲ.”

“ಅವರು ಹೊರಟುಹೋದ್ರು.”

“ಅವನಿಗೋಸ್ಕರ ಕೂತಿದ್ನಾ ನಾನು?”

ಅವಳು ತಲೆ ಎತ್ತಲಿಲ್ಲ, ಕೈಯನ್ನೂ ಬಿಡಲಿಲ್ಲ. ಅವನು ಹಾಲ್‌ಬ್ರೂಕ್ ಬಿಟ್ಟುಹೋದ ಕುರ್ಚಿಯಲ್ಲಿ ಕುಸಿದ. ಉಳಿದವರು ಉಂಡೆದ್ದರು. ಮೇಜು ಒರೆಸುವ ಹೆಂಗಸರು ಇವರಿಬ್ಬರ ಸುತ್ತ ಬಳಸಿ ಮುಂದೆ ಹೋದರು. ಅವಳ ತಟ್ಟೆಯಲ್ಲಿ ಆರಿದ ಗ್ರೇವಿಯ ಮೇಲೆ ತೆಳ್ಳಗೆ ಪೊರೆ ಕಟ್ಟತೊಡಗಿತು.